ಹೆಸರು ಹೇಳದ ಸಿಸ್ಟರ್

ಹೋದ ತಿಂಗಳು ನಮ್ಮ ಸಿಸ್ಟರ್ ನಿವೃತ್ತರಾದರಂತೆ. ಲಸಿಕೆಯ ಪೆಟ್ಟಿಗೆ ತರುವ ಗಾಡಿಯವನು ಹೇಳಿದ. ಗಂಗಾವತಿ ಕಡೆ, ಕಾಲುವೆ ಸೀಮೆಯ ಯಾವುದೋ ಕ್ಯಾಂಪ್ ಊರಿನಲ್ಲಿ ಶಾಲು ಹೊದಿಸಿ ಹಾರ ಹಾಕಿ ಕಳಿಸಿದರಂತೆ. "ಎರಡು ಮಾತಾಡ್ರಿ ಅಂತ ಮೈಕ್ ಕೊಟ್ರ, 'ಊಟ ಆರಾಕತ್ತೈತಿ, ನಡೀರಿ' ಅಂದು ಇಳದು ಬಿಟ್ರಂತ ನೋಡ್ರಿ" ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಆ ದಿನ ಪೂರ್ತಿ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ನಾನು ಆಶಾ ಕಾರ್ಯಕರ್ತೆ. ನಮ್ಮೂರು ಅಳವಂಡಿ ಹೋಬಳಿಯ ಒಂದು ಸಣ್ಣ ಊರು. ಊರ ಹೊರಗಿನ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್ ಬಹಳ ವರ್ಷ ನರ್ಸ್ ಆಗಿದ್ದರು. ಮುಂದೆ ಒಂದು ಕೋಣೆ ದವಾಖಾನೆ, ಹಿಂದೆ ಒಂದು ಕೋಣೆ ಅವರ ಸಂಸಾರ. ಸಂಸಾರವೆಂದರೆ ಒಂದು ಮಂಚ, ಒಂದು ಕಬ್ಬಿಣದ ಅಲಮಾರಿ, ಒಂದು ಗ್ಯಾಸಿನ ಒಲೆ. ಗಂಡ ತೀರಿಕೊಂಡಿದ್ದರು. ಮಗಳು ಮುನಿರಾಬಾದಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಸಿಸ್ಟರೂ ಅಲ್ಲಿನ ಡ್ಯಾಂ ಕಾಲನಿಯಲ್ಲೇ ಬೆಳೆದವರು. ಅವರಪ್ಪ ನೀರಾವರಿ ಇಲಾಖೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರಂತೆ.

ಎತ್ತರದ ಆಳು. ಸಪೂರ. ನಡೆದರೆ ಜೊತೆಗಿದ್ದವರು ಓಡಬೇಕು. ಸಿಟ್ಟು ಮೂಗಿನ ತುದಿಯಲ್ಲಿ. ಮೀಟಿಂಗಿಗೆ ತಡವಾಗಿ ಹೋದರೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಗಿರಿಜಾ, ನಿನ್ನ ಸಲುವಾಗಿ ಸೂರ್ಯಾ ನಿಲ್ತಾನೇನು?" ಎನ್ನುತ್ತಿದ್ದರು. ಛಲೋ ಮಾಡಿದಿ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಕೋಟಿನ ಕಿಸೆಯಲ್ಲಿ ಯಾವಾಗಲೂ ಯಾಲಕ್ಕಿ ಇರುತ್ತಿತ್ತು. ಸಿಟ್ಟು ಇಳಿದಾಗ ಒಂದು ತೆಗೆದು ಕೈಗೆ ಕೊಡುತ್ತಿದ್ದರು. ಅದೇ ರಾಜಿ.

ನಮ್ಮ ಕಡೆ ಹೆಣ್ಣುಮಗಳೊಬ್ಬಳು ದವಾಖಾನೆಗೆ ಒಬ್ಬಳೇ ಬರುವುದಿಲ್ಲ. ಅತ್ತೆ ಬರುತ್ತಾಳೆ, ನೆಗೆಣ್ಣಿ ಬರುತ್ತಾಳೆ, ಇಲ್ಲವೆಂದರೆ ಗಂಡ ಬಾಗಿಲಿಗೆ ಗಾಡಿ ನಿಲ್ಲಿಸಿ ಒಳಗೆ ಕಿವಿಗೊಟ್ಟು ಕೂತಿರುತ್ತಾನೆ. ಎಲ್ಲರ ಮುಂದೆ ಯಾರು ಏನು ಹೇಳಿಯಾಳು? ಅದಕ್ಕೆ ಸಿಸ್ಟರ್ ಒಂದು ಉಪಾಯ ಇಟ್ಟುಕೊಂಡಿದ್ದರು. "ತೂಕ ನೋಡ್ಬೇಕು. ಉಳಿದವ್ರು ಹೊರಗ ನಿಲ್ರಿ" ಎಂದು ಬಾಗಿಲು ಮುಂದಕ್ಕೆ ಮಾಡುತ್ತಿದ್ದರು. ತೂಕಕ್ಕೆ ಯಾರೂ ಜಗಳ ತೆಗೆಯುತ್ತಿರಲಿಲ್ಲ. ಆ ತೂಕದ ಯಂತ್ರದ ಮೇಲೆ ನಿಂತೇ ಹೆಂಗಸರು ಎಷ್ಟೋ ಮಾತು ಹೇಳುತ್ತಿದ್ದರು. ತಿಂಗಳು ನಿಂತದ್ದು, ಗಂಡ ಹೊಡೆದದ್ದು, ಈ ಬಸಿರು ಬೇಡವಾಗಿರುವುದು. ಯಾಕೆ ಬೇಡ ಎಂದು ಸಿಸ್ಟರ್ ಮೊದಲು ಕೇಳುತ್ತಿರಲಿಲ್ಲ. "ಕಡೀ ಸಲ ಮುಟ್ಟಾಗಿದ್ದು ಯಾವಾಗ? ನಿನ್ನ ಮನಸ್ನ್ಯಾಗ ಏನೈತಿ? ಬ್ಯಾರೇ ಯಾರ ಮನಸಿಂದೂ ಬ್ಯಾಡ, ನಿಂದು ಹೇಳು" ಎನ್ನುತ್ತಿದ್ದರು.

ಗುಳಿಗೆ ಕೊಟ್ಟುಬಿಡಿ ಎಂದು ಕಾಲು ಹಿಡಿದವರುಂಟು. ಅವರು ಕೊಡಲಿಲ್ಲ. "ಅದನ್ನ ಕೊಡೋ ಅಧಿಕಾರ ನಂಗಿಲ್ಲ, ಡಾಕ್ಟರಿಗೈತಿ. ಹಾದಿ ತೋರಿಸ್ತೀನಿ, ಜೊತಿಗೆ ಬರ್ತೀನಿ" ಎನ್ನುತ್ತಿದ್ದರು. ಜೊತೆಗೆ ಬರುತ್ತೇನೆಂದರೆ ಕೊಪ್ಪಳದ ದೊಡ್ಡಾಸ್ಪತ್ರೆಯವರೆಗೂ ಬಂದು, ಎಲ್ಲ ಮುಗಿಯುವವರೆಗೆ ಬೆಂಚಿನ ಮೇಲೆ ಕೂತಿರುವವರೇ.

ಒಮ್ಮೆ ಕುಷ್ಟಗಿ ಕಡೆಯಿಂದ ಹತ್ತಿ ಬಿಡಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು ಮಟ ಮಟ ಮಧ್ಯಾಹ್ನ ಹೊಲದಿಂದ ನಡೆದುಕೊಂಡು ಬಂದು ಉಪಕೇಂದ್ರದ ಬಾಗಿಲಲ್ಲಿ ಕುಸಿದಳು. ಸೀರೆ ಮೊಳಕಾಲಿನವರೆಗೆ ಕೆಂಪಾಗಿತ್ತು. ಬಸಿರಿಗೆ ಬಹಳ ತಿಂಗಳಾದ ಮೇಲೆ ಗಂಡ ಯಾವುದೋ ಮೆಡಿಕಲ್ ಅಂಗಡಿಯಲ್ಲಿ ಗುಳಿಗೆ ಕೇಳಿ ತಂದು ನುಂಗಿಸಿದ್ದ. ನಾನು ಕೂಗಿಕೊಂಡೆ. ಸಿಸ್ಟರ್ ನನ್ನತ್ತ ನೋಡಲೂ ಇಲ್ಲ. "ಬಾಯಿ ಮುಚ್ಚಿ ಆಂಬುಲೆನ್ಸಿಗೆ ಫೋನ್ ಹಚ್ಚು" ಎಂದು ಸಲೈನ್ ಏರಿಸಿದರು. ಆಂಬುಲೆನ್ಸ್ ಬರುವವರೆಗೂ ಆಕೆಯ ಕಾಲು ಎತ್ತಿ ಹಿಡಿದು, ಆಕೆಯ ಮಕ್ಕಳ ಹೆಸರು ಕೇಳುತ್ತಲೇ ಇದ್ದರು. ಆಕೆ ಕಣ್ಣು ಮುಚ್ಚಿದರೆ ಮತ್ತೆ ಕೇಳುವರು. ಆಕೆ ಉಳಿದಳು. ಮರುದಿನ ನಾನು ಆ ಗುಳಿಗೆಗಳನ್ನು ಬೈಯುತ್ತಿದ್ದಾಗ ಸಿಸ್ಟರ್ ತಡೆದರು. "ಗುಳಿಗಿ ಕೆಟ್ಟದ್ದಲ್ಲ ಗಿರಿಜಾ. ಯಾರು ಕೊಟ್ರು, ಎಷ್ಟನೇ ತಿಂಗಳಿಗೆ ಕೊಟ್ರು, ಆಮ್ಯಾಲೆ ಆಕಿನ್ನ ಯಾರು ನೋಡ್ಕೊಂಡ್ರು, ಅದನ್ನ ಕೇಳು. ಛಲೋ ಹಾದಿ ಐತಿ ಅಂತ ಗೊತ್ತಿದ್ರ ಆ ಗಂಡ ಅಂಗಡಿಗೆ ಯಾಕ ಹೊಕ್ಕಿದ್ದ?"

ಇಷ್ಟು ಹೇಳಿದ್ದು ಅವರು ಎಂಥವರೆಂದು ತಿಳಿಯಲಿ ಎಂದು. ಅವರು ನಮ್ಮೂರು ಬಿಡಬೇಕಾಗಿ ಬಂದದ್ದು ಹುಲಿಗೆವ್ವನ ವಿಷಯದಲ್ಲಿ.

ಹುಲಿಗೆವ್ವ ನಮ್ಮ ಓಣಿಯ ಸೊಸೆ. ಗಂಡ ಯಮನೂರಪ್ಪ ಗಿಣಿಗೇರಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರ. ಮೂರು ಹೆಣ್ಣುಮಕ್ಕಳು. ಮೂರನೆಯದು ಸಿಸೇರಿಯನ್. ಆಗ ರಕ್ತ ವಿಪರೀತ ಹೋಗಿ, ಎರಡು ದಿನ ಆಕೆ ಉಳಿಯುವುದೇ ಗ್ಯಾರಂಟಿ ಇರಲಿಲ್ಲ. ಇನ್ನು ಕೆಲವು ವರ್ಷ ಬಸಿರಾಗಬಾರದು ಎಂದು, ಗಂಡ ಡ್ಯೂಟಿಯಲ್ಲಿದ್ದ ಹೊತ್ತಿನಲ್ಲಿ, ಡಾಕ್ಟರ್ ಅತ್ತೆಗೆ ಹೇಳಿ ಕಳಿಸಿದ್ದರು. ಆ ಕೂಸು ಇನ್ನೂ ಅಂಬೆಗಾಲಿಡುವಷ್ಟರಲ್ಲಿ ಹುಲಿಗೆವ್ವನಿಗೆ ಮತ್ತೆ ತಿಂಗಳು ನಿಂತಿತು. ಅತ್ತೆಗೆ ಸಂಭ್ರಮ. ಈ ಸಲ ಗಂಡೇ ಎಂದು ಹುಲಿಗಿ ಅಮ್ಮನಿಗೆ ಹರಕೆ ಹೊತ್ತಳು.

ತೂಕದ ಯಂತ್ರದ ಮೇಲೆ ನಿಂತು ಹುಲಿಗೆವ್ವ ಹೇಳಿದ್ದು ಇಷ್ಟೇ: "ನಾ ಸಾಯಾಕ ತಯಾರಿಲ್ರಿ ಸಿಸ್ಟರ್. ಮೂರು ಅದಾವು ನನಗ."

ಗಂಡನ ಸಹಿ ಬೇಕಾಗುತ್ತದೆಯೇ ಎಂದು ಆಕೆಗೆ ಹೆದರಿಕೆ. "ಬೇಕಿಲ್ಲ. ನೀ ದೊಡ್ಡಾಕಿ ಅದಿ, ನಿನ್ನ ಒಪ್ಪಿಗಿ ಸಾಕು. ಕಾನೂನ ಹಂಗೈತಿ" ಎಂದರು ಸಿಸ್ಟರ್. ಕೂಸನ್ನು ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ, ಅದನ್ನು ಎತ್ತಿಕೊಂಡು ಹುಲಿಗೆವ್ವ ನಮ್ಮ ಜೊತೆ ಕೊಪ್ಪಳದ ಬಸ್ಸು ಹತ್ತಿದಳು. ಯಾರಾದರೂ ಬಸ್ಸು ಹತ್ತಿದರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಆಕೆಯೊಂದಿಗೆ ಬಹಳ ಹೊತ್ತು ಮಾತಾಡಿದರು. ರಕ್ತ ನೋಡಿದರು, ಸ್ಕ್ಯಾನ್ ಆಯಿತು. ಇವತ್ತೇ ಮಾಡಬಹುದು ಎಂದು ಒಳಗೆ ಕರೆದುಕೊಂಡರು. ಹುಲಿಗೆವ್ವ ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸಿ ಹೋದಳು. ಆಕೆ ಹೋಗಿ ಸ್ವಲ್ಪ ಹೊತ್ತಿಗೆ ವರಾಂಡದ ಆ ತುದಿಯಿಂದ ಯಮನೂರಪ್ಪ ಬಂದ. ಮೈಮೇಲೆ ಫ್ಯಾಕ್ಟರಿಯ ನೀಲಿ ಅಂಗಿ, ಅದರ ತುಂಬ ಕೆಂಪು ಧೂಳು. ಹೆಲ್ಮೆಟ್ ಕೈಯಲ್ಲೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ನೋಡಿದ ಊರವನೊಬ್ಬ ಫೋನ್ ಮಾಡಿದ್ದನಂತೆ.

"ಎಲ್ಲಿ ಅದಾಳ?" ಎಂದ.

"ಒಳಗ ಅದಾಳ" ಎಂದರು ಸಿಸ್ಟರ್.

"ಯಾಕ ಬಂದಾಳ?"

"ಅದನ್ನ ಆಕಿ ಹೇಳ್ಬೇಕು. ನಾ ಹೇಳಂಗಿಲ್ಲ."

"ನಾ ಆಕಿ ಗಂಡ ಅದೀನಿ."

"ಗೊತ್ತೈತಿ. ಕುಂದ್ರು, ನೀರು ಕುಡಿ. ಆಕಿ ನಿನ್ನ ಜೊತಿ ಮಾತಾಡ್ತೀನಿ ಅಂದ್ರ ಕರೀತೀನಿ."

ಅವನು ಬಾಗಿಲಿನತ್ತ ಹೆಜ್ಜೆ ಇಟ್ಟ. ಸಿಸ್ಟರ್ ಅಡ್ಡ ನಿಂತರು. ಅವನ ಉಸಿರು ನನಗೆ ಕೇಳುತ್ತಿತ್ತು. ಹೆಲ್ಮೆಟ್ ಹಿಡಿದ ಕೈ ಮೇಲೆದ್ದದ್ದನ್ನು ನೋಡಿ ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಸಿಸ್ಟರ್ ಕದಲಲಿಲ್ಲ. ಅವನು ಗಕ್ಕನೆ ತಿರುಗಿ, ನನ್ನ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡ. "ಇದನ್ನ ಕರ್ಕೊಂಡು ಹೊಂಟೀನಿ. ಬೇಕಾಗಿದ್ರ ಬರ್ತಾಳ" ಎಂದು ಹೋಗಿಯೇ ಬಿಟ್ಟ. ಕೂಸು ಅವನ ಹೆಗಲ ಮೇಲಿಂದ ನನ್ನನ್ನು ನೋಡಿ ಅಳುತ್ತಿತ್ತು.

ನಾನು ಸಿಸ್ಟರ್ ಕೈ ಹಿಡಿದುಕೊಂಡೆ. "ಈಗ ಆಕಿಗೆ ಹೇಳಬ್ಯಾಡ್ರಿ. ಇದು ಮುಗದ ಮ್ಯಾಲೆ ಹೇಳೂಣು. ಕೂಸನ್ನ ಒಯ್ದಿರೋನು ಅಪ್ಪನ ಅಲ್ಲೇನ್ರಿ, ಏನೂ ಆಗಂಗಿಲ್ಲ."

ಅವರು ಕೈ ಬಿಡಿಸಿಕೊಂಡರು. "ಮುಚ್ಚಿಟ್ಟು ತಗೊಂಡ ಒಪ್ಪಿಗಿ ಒಪ್ಪಿಗಿ ಅಲ್ಲ" ಎಂದು ಒಳಗೆ ಹೋದರು.

ಹುಲಿಗೆವ್ವ ಓಡಿಕೊಂಡೇ ಹೊರಬಂದಳು. ಚಪ್ಪಲಿ ಕೈಯಲ್ಲಿದ್ದವು. ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಸಿಸ್ಟರ್ ಗೇಟಿನವರೆಗೆ ಹಿಂದೆಯೇ ಹೋಗಿ ಆಟೋ ಹತ್ತಿಸಿ ಬಂದರು. ಊರಿಗೆ ಮರಳುವ ಬಸ್ಸಿನಲ್ಲಿ ನಾನು ಸಿಸ್ಟರ್ ಪಕ್ಕ ಕೂಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಅರ್ಧ ತಾಸು ತಡೆದಿದ್ದರೆ ಒಂದು ಜೀವದ ಭಯ ತಪ್ಪುತ್ತಿತ್ತು. ಅವರು ಮಾಡಿದ್ದು ಇವತ್ತಿಗೂ ನನಗೆ ಪೂರ್ತಿ ಒಪ್ಪಿಗೆಯಾಗಿದೆ ಎನ್ನಲಾರೆ. ಆದರೆ ಅವರಿಗೆ ಅದೊಂದೇ ದಾರಿಯಿತ್ತು ಎಂಬುದು ಗೊತ್ತು.

ಮುಂದಿನ ದಿನಗಳು ಬಹಳ ಕೆಟ್ಟವು. ದಿನ ಹೋದಷ್ಟೂ ಕೆಲಸ ಕಠಿಣವಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹುಲಿಗೆವ್ವ ನೀರಿಗೂ ಹೊರಗೆ ಬರುತ್ತಿರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದಳು. ನಾನು ಆ ಬಾಗಿಲು ಹಾದುಹೋದರೆ ಕ್ಯಾಕರಿಸಿ ಉಗಿಯುತ್ತಿದ್ದಳು.

ಒಂದು ಬೆಳಿಗ್ಗೆ ಸಿಸ್ಟರ್ ಕೂಸುಗಳನ್ನು ತೂಗುವ ತಕ್ಕಡಿ, ಜೋಳಿಗೆ ಹಿಡಿದು ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋದರು.

"ನಮ್ಮ ಹೊಸ್ತಿಲ ತುಳೀಬ್ಯಾಡ್ರಿ ನರ್ಸಬಾಯಿ" ಎಂದಳು ಅತ್ತೆ.

"ತುಳಿಯಂಗಿಲ್ಲವ್ವ. ಕೂಸಿನ ತೂಕ ನೋಡಾಕ ಬಂದೀನಿ. ಇಲ್ಲೇ ಬೇವಿನ ಗಿಡಕ್ಕ ಕಟ್ತೀನಿ, ಹೊರಗ ತರಾಕ ಹೇಳ್ರಿ. ಎಲ್ಲಾರ ಮನೀದೂ ನೋಡಾಕತ್ತೀನಿ."

ಓಣಿಯ ಹೆಂಗಸರು ನೋಡುತ್ತಿದ್ದರು. ಮೊಮ್ಮಗಳ ತೂಕ ಬೇಡ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಹುಲಿಗೆವ್ವ ಕೂಸನ್ನು ತಂದಳು. ಕಣ್ಣು ಬಾತಿದ್ದವು. ಜೋಳಿಗೆಯಲ್ಲಿ ಕೂಸನ್ನು ಇಡುವಾಗ ಸಿಸ್ಟರ್, ಹುಲಿಗೆವ್ವ ಇಬ್ಬರ ತಲೆಗಳೂ ಹತ್ತಿರ ಬಂದವು. ನಾನು ಅತ್ತೆಗೆ ಅಡ್ಡವಾಗಿ ನಿಂತು ಪಡಿತರದ ಅಕ್ಕಿಯ ಸುದ್ದಿ ತೆಗೆದೆ. ಕಿವಿ ಮಾತ್ರ ಹಿಂದೆ ಇತ್ತು.

"ಮನಸು ಬದಲಾಗೈತೇನು?"

"ಇಲ್ರಿ."

"ಡಾಕ್ಟರ್ ಹೇಳಿದ್ದು ಯಮನೂರಪ್ಪಗ ಗೊತ್ತೈತೇನು?"

"ಅತ್ತಿ ಅಷ್ಟ ಕೇಳಿದ್ರು. ಆತಗ ಯಾರೂ ಹೇಳಿಲ್ಲ. ನಾ ಹೇಳಿದ್ರ ಸುಳ್ಳು ಅಂತಾನ."

"ನಾ ಹೇಳ್ಲ್ಯಾ? ನೀ ಹ್ಞೂಂ ಅಂದ್ರ ಅಷ್ಟ."

ಕೂಸು ಜೋಳಿಗೆಯಲ್ಲಿ ಕಾಲು ಬಡಿಯುತ್ತಿತ್ತು. "ಹೇಳ್ರಿ" ಎಂದಳು ಹುಲಿಗೆವ್ವ.

"ತೂಕ ಕಡಿಮಿ ಐತಿ. ಇನ್ನಷ್ಟು ತಿನಿಸ್ರಿ" ಎಂದು ಸಿಸ್ಟರ್ ಗಟ್ಟಿಯಾಗಿ ಅತ್ತೆಗೆ ಹೇಳಿ ತಕ್ಕಡಿ ಬಿಚ್ಚಿದರು.

ಅಂದೇ ಮಧ್ಯಾಹ್ನ ನಾವು ಗಿಣಿಗೇರಿಗೆ ಹೋದೆವು. ಅಲ್ಲಿ ಗಿಡದ ಎಲೆಯೂ ಕೆಂಪು, ನಾಯಿಯ ಮೈಯೂ ಕೆಂಪು. ಪಾಳಿ ಬಿಡುವ ಹೊತ್ತು. ಗೇಟಿನ ಎದುರಿನ ಚಹಾದ ಡಬ್ಬಿ ಅಂಗಡಿಯ ಮುಂದೆ ನಿಂತೆವು. ಗಂಡಸರ ದಂಡು ಹೊರಬಂತು. ಯಮನೂರಪ್ಪ ನಮ್ಮನ್ನು ನೋಡಿ ಮುಖ ತಿರುಗಿಸಿ ಗಾಡಿಯತ್ತ ನಡೆದ. ಸಿಸ್ಟರ್ ಕೂಗಲಿಲ್ಲ, ಹಿಂದೆ ಹೋಗಲೂ ಇಲ್ಲ. ನಿಂತಲ್ಲೇ ನಿಂತರು. ಗಾಡಿಯ ಹತ್ತಿರ ಹೋದವನು ಏನು ತೋಚಿತೋ, ಮರಳಿ ಬಂದ.

"ಇಲ್ಲೀಗೂ ಬಂದ್ರ್ಯಾ? ನನ್ನ ಮರ್ಯಾದಿ ತೆಗೀಬೇಕಂತ ಮಾಡೀರೇನು?"

"ನಿನ್ನ ಮನಸ್ಸು ಬದಲಿಸಾಕ ಬಂದಿಲ್ಲ. ನಿಂಗ ಗೊತ್ತಿಲ್ದ ಒಂದು ಮಾತೈತಿ. ಹೇಳ್ರಿ ಅಂತ ಹುಲಿಗೆವ್ವನ ಅಂದಾಳ. ಕೇಳಿ ಹೋಗು."

ಹೆರಿಗೆಯಾದ ದಿನ ಆದದ್ದನ್ನು ಸಿಸ್ಟರ್ ಒಂದೊಂದೇ ಹೇಳಿದರು. ದನಿ ಏರಿಸಲಿಲ್ಲ. ಹೊಟ್ಟೆ ಕೊಯ್ದ ಗಾಯ ಇನ್ನೂ ಗಟ್ಟಿಯಾಗಿಲ್ಲ, ಈಗ ಬಸಿರು ಬೆಳೆದರೆ ಅದು ಬಿಡುವ ಭಯವಿದೆ, ಮೈಯಲ್ಲಿ ರಕ್ತವೂ ಇಲ್ಲ ಎಂದರು. ಯಮನೂರಪ್ಪ ಚಹಾದ ಕಪ್ಪು ಹಿಡಿದುಕೊಂಡೇ ನಿಂತಿದ್ದ.

"ನನಗ ಯಾರೂ ಹೇಳಿಲ್ಲ" ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಗಂಡಿದ್ರ?"

"ಗಂಡೋ ಹೆಣ್ಣೋ ನಂಗೊತ್ತಿಲ್ಲ. ಯಾರೂ ನೋಡಿ ಹೇಳಂಗೂ ಇಲ್ಲ, ಅದು ಅಪರಾಧ. ನಂಗೊತ್ತಿರೋದು ಹುಲಿಗೆವ್ವ ಒಬ್ಬಾಕಿ. ಆಕಿ ಹೆದರ್ಯಾಳ. ಇಷ್ಟ ನನ್ನ ಮಾತು."

ಅವನು ಚಹಾ ಕುಡಿಯದೆ ಕಪ್ಪನ್ನು ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿ ಹೋದ. ಅವನು ಮನೆಗೆ ಹೋಗಿ ಏನು ಮಾಡುತ್ತಾನೋ ಎಂದು ನನಗೆ ಹೆದರಿಕೆ. ಸಿಸ್ಟರ್ ಒಂದು ಯಾಲಕ್ಕಿ ತೆಗೆದು ಕೊಟ್ಟರು. ಇನ್ನೊಂದನ್ನು ತಾವೇ ಬಾಯಿಗೆ ಹಾಕಿಕೊಂಡರು.

ಎರಡು ದಿನ ಬಿಟ್ಟು ಮುಂಜಾನೆ ಹುಲಿಗೆವ್ವ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದಳು. ಕಂಕುಳಲ್ಲಿ ಕೂಸಿರಲಿಲ್ಲ. "ಕೂಸೆಲ್ಲಿ?" ಎಂದೆ. "ಆತನ ಹತ್ರ ಐತ್ರಿ. ಡ್ಯೂಟಿಗೆ ಹೋಗಿಲ್ಲ. ಜ್ವರ ಬಂದೈತಿ ಅಂತ ಅವ್ವಗ ಹೇಳ್ಯಾನ" ಎಂದಳು. "ನೀ ಹೋಗಿ ಬಾ ಅಂದ. ಅಷ್ಟ ಅಂದ."

ಕೊಪ್ಪಳದಲ್ಲಿ ಡಾಕ್ಟರು ಮತ್ತೊಮ್ಮೆ ಆಕೆಯ ಮನಸ್ಸು ಕೇಳಿದರು. ಆಕೆ ಈ ಸಲ ಬಾಗಿಲಿನತ್ತ ನೋಡದೆ ಉತ್ತರ ಕೊಟ್ಟಳು. ನಾನು ಹೆದರಿದ್ದಷ್ಟು ದೊಡ್ಡ ಕೆಲಸವೇ ಆಗಿರಲಿಲ್ಲ ಅದು. ಬೇಗ ಮುಗಿಯಿತು. ಮುಂದೆ ಬಸಿರಾಗದಂತೆ ಏನು ಮಾಡಬೇಕೆಂಬುದನ್ನೂ ಡಾಕ್ಟರ ಜೊತೆ ಕೂತು ಆಕೆಯೇ ನಿರ್ಧರಿಸಿದಳು. ಮಧ್ಯಾಹ್ನ ಎದ್ದು ಕೂತವಳು ಅಳುತ್ತಾಳೆಂದುಕೊಂಡಿದ್ದೆ. "ಭಾಳ ಹಸದೀನ್ರಿ" ಎಂದಳು. ಸಿಸ್ಟರ್ ಖಾನಾವಳಿಯಿಂದ ರೊಟ್ಟಿ, ಹೆಸರುಕಾಳು ಪಲ್ಯ ತಂದರು. ಆಕೆ ತಿನ್ನುವುದನ್ನೇ ನೋಡುತ್ತ ಕೂತಿದ್ದರು.

ಬಸಿರು ತಾನೇ ಹೋಯಿತು ಎಂದು ಯಮನೂರಪ್ಪ ತಾಯಿಗೆ ಹೇಳಿದ. ಆಕೆ ನಂಬಲಿಲ್ಲ. ಆದರೆ ಸೊಸೆ ತೆಗೆಸಿಕೊಂಡಳು ಎಂದು ಊರಲ್ಲಿ ಹೇಳಿದರೆ ಮನೆಯ ಮಾನ ಹೋಗುತ್ತದೆ. ಅತ್ತೆಯ ತಮ್ಮ ಪಂಚಾಯ್ತಿ ಮೆಂಬರು. ಅವನು ಯಾರ ಹೆಸರೂ ಹಾಕದೆ ಮೇಲಿನ ಆಫೀಸಿಗೆ ಅರ್ಜಿ ಕೊಟ್ಟ. ನರ್ಸಬಾಯಿ ಉಪಕೇಂದ್ರದಲ್ಲೇ ಮಷೀನು ಇಟ್ಟುಕೊಂಡು ಗಂಡೋ ಹೆಣ್ಣೋ ನೋಡಿ ಹೊಟ್ಟೆ ತೆಗೆಯುತ್ತಾಳೆ ಎಂದು.

ಜೀಪು ಬಂತು. ಅಧಿಕಾರಿ ಒಳಗೆಲ್ಲ ಹುಡುಕಿಸಿದರು. ಅಲಮಾರಿಯ ಸೀರೆಗಳನ್ನೂ ಬಿಚ್ಚಿ ನೋಡಿದರು. ಬಾಗಿಲ ಮುಂದೆ ಅರ್ಧ ಊರು ನೆರೆದಿತ್ತು. ಏನೂ ಸಿಗಲಿಲ್ಲ.

"ಯಾರನ್ನೋ ಕೊಪ್ಪಳಕ್ಕ ಕರ್ಕೊಂಡು ಹೋಗಿದ್ರಂತಲ್ಲ? ಆಕಿ ಬಂದು ಡಾಕ್ಟರೇ ಮಾಡ್ಯಾರ ಅಂದ್ರ ಇಲ್ಲಿಗೇ ಮುಗೀತು. ಹೆಸರು ಹೇಳ್ರಿ" ಎಂದರು ಅಧಿಕಾರಿ.

"ಹೇಳಂಗಿಲ್ಲ ಸರ್."

"ನಿಮ್ಮ ನೌಕರಿ ಪ್ರಶ್ನೆ ಐತಿ."

"ಗೊತ್ತೈತಿ ಸರ್. ಯಾರ ಹೆಸರೂ ಹೊರಗ ಹೇಳಬಾರ್ದು ಅಂತ ಕಾನೂನಿನ್ಯಾಗನ ಐತಿ. ಅದಿಲ್ದಿದ್ರೂ ನಾ ಹೇಳ್ತಿರಲಿಲ್ಲ."

ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಹೆಜ್ಜೆ ಮುಂದೆಯೂ ಬಂದಿದ್ದೆ. ಸಿಸ್ಟರ್ ನನ್ನನ್ನು ನೋಡಿದ ನೋಟಕ್ಕೆ ನಿಂತುಬಿಟ್ಟೆ. ಜೀಪು ಹೋದ ಮೇಲೆ ಅವರು ಬಾಗಿಲು ಹಾಕಿ ಹೇಳಿದರು: "ಇವತ್ತು ನೀ ಬಾಯಿ ಬಿಟ್ರ, ನಾಳಿ ಯಾಕಿ ನಿನ್ನ ಮುಂದ ಬಾಯಿ ಬಿಡ್ತಾಳ? ನಾ ಹೋದ ಮ್ಯಾಲೆ ಇಲ್ಲಿ ಇರಾಕಿ ನೀನು."

ಆರೋಪಕ್ಕೆ ಸಾಕ್ಷಿ ಇಲ್ಲ ಎಂದು ಬರೆದರು. ಆದರೂ ಊರಿನವರ ತಕರಾರಿದೆ ಎಂದು ವರ್ಗ ಮಾಡಿದರು.

ಹೊರಡುವ ದಿನ ಸಾಮಾನು ಒಯ್ಯಲು ಟೆಂಪೋ ಬಂತು. ಮಂಚ, ಅಲಮಾರಿ ಏರಿಸಲು ಕೈ ಬೇಕಿತ್ತು. ಕರೆದರೆ ಒಬ್ಬರೂ ಬರಲಿಲ್ಲ. ಎದುರಿನ ಕಟ್ಟೆಯ ಮೇಲೆ ಮೆಂಬರು ಕೂತಿದ್ದ. ಅವನ ಮುಂದೆ ಯಾರು ಎದ್ದಾರು? ನಾನೂ ಡ್ರೈವರನೂ ಅಲಮಾರಿಯನ್ನು ಬಾಗಿಲವರೆಗೆ ಎಳೆದು ತಂದು ಸೋತು ನಿಂತಿದ್ದೆವು. ಆಗ ಊರ ನಡುವಿನ ದಾರಿಯಿಂದ ಯಮನೂರಪ್ಪ ನಡೆದು ಬಂದ. ಹಿಂದೆ ಕೂಸನ್ನು ಎತ್ತಿಕೊಂಡು ಹುಲಿಗೆವ್ವ. ಅವನು ಸೋದರಮಾವನ ಕಡೆ ನೋಡದೆ ಅಲಮಾರಿಗೆ ಹೆಗಲು ಕೊಟ್ಟ.

ಸಿಸ್ಟರ್ ಮುಖ ಕಪ್ಪಿಟ್ಟಿತು. ಹುಲಿಗೆವ್ವನನ್ನು ಪಕ್ಕಕ್ಕೆ ಎಳೆದು, ಹಲ್ಲು ಕಚ್ಚಿ ಹೇಳಿದರು: "ನೀವು ಬರಬಾರ್ದಿತ್ತು. ಇಷ್ಟು ದಿನ ನಾ ಸುಮ್ಕಿದ್ದು ಯಾತಕ್ಕ? ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ ಬಿಡ್ರಿ" ಎಂದಳು ಹುಲಿಗೆವ್ವ. ಕೂಸನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಚದ ಒಂದು ತುದಿ ಹಿಡಿದಳು.